ಕಳೆದುಕೊಂಡರೂ ಕಹಿಯಾಗದ ನಮ್ಮ ಹಿರಿಯರು



ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ದೇವರಿಗೆ ಕೃತಜ್ಞತೆಯ ಬಲಿಪೂಜೆಯನ್ನು ಅರ್ಪಿಸಲು ಕಾಳಿನದಿಯ ದಡದ ಈ ಕೋಡಿಬಾಗದಲ್ಲಿ ನಾವೆಲ್ಲರೂ ಒಟ್ಟುಗೂಡಿದ್ದೇವೆ. ದೇವಾಲಯದ ಕಟ್ಟೋಣ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳು ಹಾಗೂ ಕನ್ಯಾಸ್ತ್ರೀಯರು, ದಾನಿಗಳ ಔದಾರ್ಯ ಮುಂತಾದವುಗಳನ್ನು ಈ ಸಂಚಿಕೆಯ ಬೇರೆ ಪುಟಗಳಲ್ಲಿ ನೀವು ಓದುವಿರಿ. ಅವೆಲ್ಲ ನಮ್ಮ ಗಳಿಕೆಯ ಲೆಕ್ಕ. ನಾವಾದರೋ ಇಲ್ಲಿ ನಷ್ಟದ ಲೆಕ್ಕವನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ಇದಕ್ಕೆ ಕಾರಣವುಂಟು. ಕೆಲವು ದಿನಗಳ ಹಿಂದೆ ಧರ್ಮೋಪದೇಶದ ತರಗತಿ ಮುಗಿದ ಮೇಲೆ ತರುಣನೊಬ್ಬನು ನಮ್ಮ ಬಳಿಗೆ ಬಂದು, "ಫಾದರ್, ನಮ್ಮ ಹಿರಿಯರಿಗೆ ಅಷ್ಟೆಲ್ಲ ಅನ್ಯಾಯವಾಯಿತಂತೆ. ಅದನ್ನು ನಾವು ಮರೆತುಬಿಡಬೇಕೇ?" ಎಂದು ಕೇಳಿದನು. ಅವನ ಧ್ವನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಅಂದು ನಾವು ಕೊಟ್ಟ ಉತ್ತರ ಚುಟುಕಾಗಿತ್ತು. ನಮಗೇ ಸಮಾಧಾನ ತರಲಿಲ್ಲ. ಅವನಿಗೂ ಅವನ ಪ್ರಾಯದ ಎಲ್ಲರಿಗೂ ನಾವು ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ನೊವೊಮಿಯ ಕಣ್ಣೀರು

ಪವಿತ್ರ ಗ್ರಂಥದಲ್ಲಿ ರೂತಳ ಹೆಸರಿನ ಸಣ್ಣ ಪುಸ್ತಕವೊಂದಿದೆ. ಅದರಲ್ಲಿರುವುದು ನಾಲ್ಕೇ ಅಧ್ಯಾಯಗಳು. ಬೆತ್ಲೆಹೇಮಿನಲ್ಲಿ ಬರಗಾಲ ಬಂದಾಗ ಎಲೀಮೆಲೆಕನೆಂಬುವನು ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೋವಾಬ್ ದೇಶಕ್ಕೆ ಹೊರಟುಹೋದನು. ಅಲ್ಲಿ ಅವನು ತೀರಿಕೊಂಡನು. ಮೋವಾಬಿನ ಹೆಣ್ಣುಗಳನ್ನು ಮದುವೆಯಾಗಿದ್ದ ಮಕ್ಕಳಿಬ್ಬರೂ ಸತ್ತುಹೋದರು. ಬರಿಗೈಯಲ್ಲಿ ಊರಿಗೆ ಮರಳಿದ ನೊವೊಮಿಯು, ತನ್ನನ್ನು ಇನ್ನು ಮೇಲೆ ಆ ಹೆಸರಿನಿಂದ ಕರೆಯದೆ ಮಾರಾ ಎಂದು ಕರೆಯಿರಿ ಎಂದು ಊರಿನ ಹೆಂಗಸರಿಗೆ ಹೇಳಿದಳು. ಮಾರಾ ಎಂದರೆ ಕಹಿ.

ಈ ಮಾತಿಗಾಗಿ ಪವಿತ್ರ ಗ್ರಂಥವು ಅವಳನ್ನು ಗದರಿಸುವುದಿಲ್ಲ ಎಂಬುದನ್ನು ನಾವು ಗಮನಿಸಬೇಕು. ದುಃಖಪಡುವುದು ಪಾಪವಲ್ಲ; ದೇವರ ಮುಂದೆ ದೂರಿಕೊಳ್ಳುವುದು ಅವಿಶ್ವಾಸವೂ ಅಲ್ಲ. ಆದರೆ ಅವಳ ಪಕ್ಕದಲ್ಲಿಯೇ ಸೊಸೆ ರೂತಳು ನಿಂತಿದ್ದಳು. ಅವಳೂ ಗಂಡನನ್ನು ಕಳೆದುಕೊಂಡ ವಿಧವೆಯೇ. ತವರಿಗೆ ಹಿಂದಿರುಗುವ ದಾರಿ ಅವಳಿಗೆ ತೆರೆದಿತ್ತು. ಅವಳು ಅತ್ತೆಯನ್ನು ಬಿಡಲಿಲ್ಲ. ಅತ್ತೆಯ ಜನರನ್ನು ತನ್ನ ಜನರೆಂದೂ, ಅತ್ತೆಯ ದೇವರನ್ನು ತನ್ನ ದೇವರೆಂದೂ ಆರಿಸಿಕೊಂಡಳು. ಜವೆಗೋಧಿಯ ಹೊಲದಲ್ಲಿ ಕೊಯ್ಲಿನವರ ಹಿಂದೆ ಹಕ್ಕಲಾಯ್ದು ಅತ್ತೆಯ ಹೊಟ್ಟೆ ತುಂಬಿಸಿದಳು. ಒಂದೇ ನಷ್ಟದ ಮುಂದೆ ನಿಂತ ಈ ಇಬ್ಬರಲ್ಲಿ ಒಬ್ಬಳಿಂದ ಮತ್ತೊಬ್ಬಳ ಕಹಿಯು ಕರಗಿತು. ಆ ರೂತಳ ಮಗನಾದ ಓಬೇದನೇ ದಾವೀದ ಅರಸನ ತಾತ. ಸಂತ ಮತ್ತಾಯರು ನಮ್ಮ ಪ್ರಭುವಿನ ವಂಶಾವಳಿಯಲ್ಲಿ ಈ ಪರದೇಶಿ ಹೆಣ್ಣಿನ ಹೆಸರನ್ನು ಬರೆದಿಟ್ಟಿದ್ದಾರೆ.

ನಮ್ಮ ಕರಾವಳಿಯ ಕ್ರೈಸ್ತರ ಚರಿತ್ರೆಯನ್ನು ಈ ಕಥೆಯ ಬೆಳಕಿನಲ್ಲಿ ಓದುವುದು ಉಚಿತವೆಂದು ನಮಗೆ ತೋರುತ್ತದೆ.

ಶ್ರೀರಂಗಪಟ್ಟಣದ ಹಾದಿ

ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ ಮುಂತಾದ ವಿಂಗಡಣೆಗಳು ಹತ್ತೊಂಬತ್ತನೆಯ ಶತಮಾನದ ನಡುಭಾಗದ ತನಕ ಇರಲಿಲ್ಲ. ಅದಕ್ಕೆ ಮೊದಲು ಈ ಕರಾವಳಿಯೆಲ್ಲ ಕೆನರಾ ಎಂಬ ಒಂದೇ ಸೀಮೆಯೆನಿಸಿತ್ತು. ಗೋವೆಯಿಂದ ಬಂದು ನೆಲೆಸಿದ ಕೊಂಕಣಿ ಮಾತಿನ ಕ್ರೈಸ್ತರು ಇಲ್ಲಿ ಬೇಸಾಯ ಮಾಡಿಕೊಂಡು, ಸ್ಥಳೀಯ ಅರಸರ ಆಶ್ರಯದಲ್ಲಿ ದೇವಾಲಯಗಳನ್ನು ಕಟ್ಟಿಕೊಂಡು ಬಾಳುತ್ತಿದ್ದರು.

1783ರಲ್ಲಿ ಇಂಗ್ಲಿಷರ ದಂಡನಾಯಕ ಮ್ಯಾಥ್ಯೂಸನು ಮಂಗಳೂರನ್ನು ಹಿಡಿದನು. ದೀರ್ಘ ಮುತ್ತಿಗೆಯ ಬಳಿಕ 1784ರ ಜನವರಿಯಲ್ಲಿ ಟಿಪ್ಪು ಸುಲ್ತಾನರು ಅದನ್ನು ಮರಳಿ ಪಡೆದರು. ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಸಂದೇಹವು ಇಡೀ ಸಮುದಾಯದ ಮೇಲೆ ಬಿತ್ತು. ಅದೇ ವರ್ಷದ ವಿಭೂತಿ ಬುಧವಾರದ ಹೊತ್ತಿಗೆ ಹಣೆಯ ಮೇಲೆ ಬೂದಿಯನ್ನು ಧರಿಸಬೇಕಾಗಿದ್ದ ಜನರು ಸೆರೆಯಾಳುಗಳಾದರು. ಗುರುಗಳನ್ನು ಗಡೀಪಾರು ಮಾಡಲಾಯಿತು, ದೇವಾಲಯಗಳನ್ನು ಕೆಡವಲಾಯಿತು, ಆಸ್ತಿಪಾಸ್ತಿ ಮುಟ್ಟುಗೋಲಾಯಿತು. ಹೆಂಗಸರು, ಮಕ್ಕಳು, ವೃದ್ಧರೆನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸೆರೆಯಾದವರ ಸಂಖ್ಯೆಯನ್ನು 30,000ದಿಂದ 80,000ದ ವರೆಗೆ ಬೇರೆಬೇರೆ ಬರಹಗಾರರು ಬೇರೆಬೇರೆಯಾಗಿ ಹೇಳಿದ್ದಾರೆ. ಅಸಂಖ್ಯಾತರು ದಾರಿಯಲ್ಲಿಯೂ ಸೆರೆಯಲ್ಲಿಯೂ ಪ್ರಾಣಬಿಟ್ಟರು. ಅನೇಕರು ಬಲಾತ್ಕಾರದ ಮತಾಂತರಕ್ಕೆ ಒಳಗಾದರು. 1799ರ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಗಿ ಟಿಪ್ಪು ಮಡಿದ ದಿನದವರೆಗೆ, ಎಂದರೆ ಹದಿನೈದು ವರ್ಷಗಳ ಕಾಲ, ಆ ಸೆರೆ ಮುಂದುವರಿಯಿತು.

ಇದು ನಡೆದ ಸಂಗತಿ. ಇದನ್ನು ಮುಚ್ಚಿಡುವುದು ಸತ್ಯಕ್ಕೂ, ಸತ್ತವರಿಗೂ ದ್ರೋಹ ಬಗೆದಂತೆ. ಆದರೆ ಸತ್ಯವನ್ನು ಹೇಳುವಾಗ ಇಡಿಯಾಗಿ ಹೇಳಬೇಕು. ಅರ್ಧ ಸತ್ಯದಿಂದಲೇ ಕಹಿ ಹುಟ್ಟುತ್ತದೆ. ಹಾಗಾದರೆ ಉಳಿದರ್ಧ ಯಾವುದು?

ಮೂಡಬಿದಿರೆಯ ಜೈನ ಅರಸನಾದ ಚೌಟನು ಮಧ್ಯೆ ಬಂದುದರಿಂದ ಅಲ್ಲಿಯ ಹೊಸಪೇಟೆಯ ಪವಿತ್ರ ಶಿಲುಬೆಯ ದೇವಾಲಯವು ಉಳಿಯಿತು. ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊರೆ ವೀರರಾಜೇಂದ್ರನು ಆಶ್ರಯವಿತ್ತನು. ವಿರಾಜಪೇಟೆಯಲ್ಲಿ 1792ರಲ್ಲಿ ಸ್ಥಾಪನೆಯಾದ ಸಂತ ಅನ್ನಮ್ಮನವರ ದೇವಾಲಯವು ಆ ದಯೆಗೆ ಇಂದಿಗೂ ಸಾಕ್ಷಿಯಾಗಿದೆ. ಇವರಾರೂ ಕ್ರೈಸ್ತರಾಗಿರಲಿಲ್ಲ. ಇನ್ನು ಟಿಪ್ಪು ಸುಲ್ತಾನರ ವಿಷಯದಲ್ಲಿಯೂ ಇತಿಹಾಸಕಾರರ ಅಭಿಪ್ರಾಯ ಒಂದೇ ಅಲ್ಲ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಸೂರೆಮಾಡಿದಾಗ ಆ ಮಠಕ್ಕೆ ನೆರವು ಕಳುಹಿಸಿದವರೂ ಅವರೇ. ನಮ್ಮ ಹಿರಿಯರಿಗೆ ಆದ ಕ್ರೌರ್ಯವನ್ನು ಇದು ಅಳಿಸುವುದಿಲ್ಲ. ಆದರೆ ಒಬ್ಬ ಆಳರಸನ ರಾಜಕಾರಣದ ಹೊರೆಯನ್ನು ಇಂದು ನಮ್ಮ ಪಕ್ಕದ ಮನೆಯಲ್ಲಿ ಬಾಳುವ ಮುಸಲ್ಮಾನ ಬಂಧುವಿನ ತಲೆಯ ಮೇಲೆ ಹೊರಿಸುವುದು ಅನ್ಯಾಯವೆಂಬುದನ್ನು ಇದು ನೆನಪಿಗೆ ತರಲಿ. ಕೆಲವರ ಮೇಲಿನ ಸಂದೇಹಕ್ಕಾಗಿ ಇಡೀ ಸಮುದಾಯವನ್ನು ದಂಡಿಸಿದ್ದೇ ಅಂದಿನ ತಪ್ಪು. ಅದೇ ತಪ್ಪನ್ನು ನಾವು ಮಾಡಿದರೆ ನಮ್ಮ ಹಿರಿಯರ ಕಣ್ಣೀರಿನಿಂದ ನಾವು ಏನನ್ನೂ ಕಲಿಯಲಿಲ್ಲವೆಂದಾಯಿತು.

ಮರಳಿ ಬಂದವರು

ಸೆರೆಯಿಂದ ಬಿಡುಗಡೆಯಾದವರಲ್ಲಿ ಸುಮಾರು ಹತ್ತು ಸಾವಿರ ಮಂದಿ ಕರಾವಳಿಗೆ ಮರಳಿದರೆಂದು ಸಾಮಾನ್ಯವಾದ ಅಂದಾಜು. ಅವರ ಮುಂದೆ ಎರಡು ಕಠಿಣ ಪ್ರಶ್ನೆಗಳಿದ್ದವು.

ಮೊದಲನೆಯದು ಸ್ವಂತ ಜನರ ಪ್ರಶ್ನೆ. ಸೆರೆಯಲ್ಲಿ ಒತ್ತಾಯಕ್ಕೆ ಸಿಲುಕಿ ವಿಶ್ವಾಸವನ್ನು ಬಿಟ್ಟವರನ್ನು ಏನು ಮಾಡಬೇಕು? ಕೊನೆಯವರೆಗೆ ಸಹಿಸಿ ನಿಂತವರಿಗೆ ಅವರನ್ನು ಹೀಯಾಳಿಸುವುದು ಸುಲಭವಾಗಿತ್ತು. ಆಗ ಶ್ರೀರಂಗಪಟ್ಟಣಕ್ಕೆ ಬಂದವರು ಫ್ರೆಂಚ್ ಮಿಷನರಿ ಅಬ್ಬೆ ದ್ಯುಬುವಾ. ನಮ್ಮ ನಾಡಿನ ಉಡುಗೆ ತೊಟ್ಟು, ನಮ್ಮ ನಾಡಿನ ಊಟವನ್ನುಂಡು, ಜನರಿಂದ ದೊಡ್ಡ ಸ್ವಾಮಿಯವರು ಎಂದು ಕರೆಸಿಕೊಂಡ ಆ ಗುರುವು ಚದುರಿಹೋದ ಮಂದೆಯನ್ನು ಒಗ್ಗೂಡಿಸಿ, ಪಶ್ಚಾತ್ತಾಪದಿಂದ ಬಂದವರನ್ನು ಮತ್ತೆ ಶ್ರೀಸಭೆಯ ಮಡಿಲಿಗೆ ಸೇರಿಸಿಕೊಂಡರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿದರು. ಮೂರು ಬಾರಿ ಅಲ್ಲಗಳೆದ ಪೇತ್ರರಿಗೇ ತಮ್ಮ ಕುರಿಗಳನ್ನು ಒಪ್ಪಿಸಿದ ಪ್ರಭುವಿನ ಶ್ರೀಸಭೆಯು ಬೇರೇನು ಮಾಡಲು ಸಾಧ್ಯವಿತ್ತು?

ಎರಡನೆಯದು ನೆಲದ ಪ್ರಶ್ನೆ. ಹದಿನೈದು ವರ್ಷಗಳಲ್ಲಿ ಅವರ ಹೊಲಗದ್ದೆಗಳನ್ನು ಬೇರೆಯವರು ಉಳುತ್ತಿದ್ದರು. ಮರಳಿ ಬಂದವರು ಕತ್ತಿ ಹಿಡಿಯಲಿಲ್ಲ; ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಮುಂದೆ ತಮ್ಮ ಹಕ್ಕನ್ನು ಹೇಳಿಕೊಂಡರು. ಕೆಲವರಿಗೆ ಭೂಮಿ ಮರಳಿ ಸಿಕ್ಕಿತು. ಕೆಲವರು ಹೊಸದಾಗಿ ಆರಂಭಿಸಿದರು. ಮಂಗಳೂರಿನಲ್ಲಿ 1680ರಲ್ಲಿ ಕಟ್ಟಿ 1784ರಲ್ಲಿ ನೆಲಸಮವಾಗಿದ್ದ ಮಿಲಾಗ್ರಿಸ್ ದೇವಾಲಯವನ್ನು 1811ರಲ್ಲಿ ಮತ್ತೆ ಕಟ್ಟಿದರು. ಅನ್ನಕ್ಕೇ ತತ್ವಾರವಿದ್ದ ಕಾಲದಲ್ಲಿ ಕಲ್ಲು ಹೊತ್ತ ಆ ಕೈಗಳನ್ನು ನೆನೆದಾಗ, ಹಕ್ಕಲಾಯುತ್ತಿದ್ದ ರೂತಳ ಕೈಗಳು ನಮ್ಮ ಕಣ್ಣ ಮುಂದೆ ಬರುತ್ತವೆ.

ಈ ಬೇರಿನಿಂದಲೇ ಮುಂದಿನ ಶತಮಾನಗಳ ಚಿಗುರು ಒಡೆಯಿತು. ಕಾರವಾರ ಸೀಮೆಯ ಕ್ರೈಸ್ತರು ಮೊದಲು ಗೋವೆಯ ಮಹಾಧರ್ಮಪ್ರಾಂತ್ಯದ ಆಡಳಿತದಲ್ಲಿಯೂ, 1953ರಿಂದ ಬೆಳಗಾವಿ ಧರ್ಮಪ್ರಾಂತ್ಯದಲ್ಲಿಯೂ ಇದ್ದು, 1976ರಲ್ಲಿ ತಮ್ಮದೇ ಆದ ಕಾರವಾರ ಧರ್ಮಪ್ರಾಂತ್ಯವನ್ನು ಪಡೆದರು.

ನಮ್ಮ ಕಾಲದ ನಷ್ಟ

ಇದೆಲ್ಲ ಹಳೆಯ ಕಾಲದ ಕಥೆಯೆಂದು ಯಾರೂ ಎಣಿಸದಿರಲಿ. ನಮ್ಮ ಕಣ್ಣೆದುರಿನಲ್ಲಿಯೇ ಮತ್ತೊಂದು ನಷ್ಟವು ನಡೆಯಿತು. 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು. ಅರ್ಗಾ, ಬಿಣಗಾ ಮೊದಲ್ಗೊಂಡು ಅಂಕೋಲೆಯ ದಿಕ್ಕಿಗೆ ಹಬ್ಬಿದ ಕರಾವಳಿಯ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಕ್ಕಲೆದ್ದವು. ಅವರಲ್ಲಿ ಎಲ್ಲ ಜಾತಿ ಮತಗಳವರೂ ಇದ್ದರು. ಬೆಸ್ತರಿದ್ದರು, ಒಕ್ಕಲಿಗರಿದ್ದರು, ಕ್ರೈಸ್ತರೂ ಇದ್ದರು. ತೆಂಗಿನ ತೋಟ, ಗದ್ದೆ, ದೋಣಿ ಎಳೆಯುವ ದಡ, ಹಿರಿಯರ ಸಮಾಧಿ ಎಲ್ಲವನ್ನೂ ಹಿಂದೆ ಬಿಟ್ಟು ತೋಡೂರು, ಚಿತ್ತಾಕುಲ ಮುಂತಾದೆಡೆಗಳ ಪುನರ್ವಸತಿ ಕಾಲೋನಿಗಳಿಗೆ ಬಂದರು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ನೆಲೆಯು ದೇಶಕ್ಕೆ ಸಮರ್ಪಿತವಾಯಿತು. ನಿರಾಶ್ರಿತರಾದರೋ ಹೆಚ್ಚಿನ ಪರಿಹಾರಕ್ಕಾಗಿ ಅನೇಕ ವರ್ಷಗಳ ಕಾಲ ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು.

ಆ ವರ್ಷಗಳಲ್ಲಿ ಹಿರಿಯರೊಬ್ಬರು ನಮ್ಮ ಬಳಿಗೆ ಬಂದಿದ್ದರು. ಕಂಕುಳಲ್ಲಿ ಹಳೆಯ ಬಟ್ಟೆಯ ಚೀಲ. ಅದರ ತುಂಬ ಪಹಣಿ ಪತ್ರಗಳು, ನೋಟೀಸುಗಳು. ತೀರಿಕೊಂಡ ಹೆಂಡತಿಗಾಗಿ ಬಲಿಪೂಜೆಯನ್ನು ಕೇಳಿಕೊಂಡ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, "ಫಾದರ್, ದೇಶಕ್ಕಾಗಿ ಜಾಗ ಕೊಟ್ಟೆವು. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ನಾನು ಕೋರ್ಟಿಗೆ ಹೋಗಿದ್ದೇನೆ. ಕ್ಷಮಿಸಬೇಕೆಂದು ನೀವು ಪ್ರಸಂಗದಲ್ಲಿ ಹೇಳುತ್ತೀರಿ. ಹಾಗಾದರೆ ನಾನು ಮಾಡಿದ್ದು ಪಾಪವೇ?" ಎಂದು ಕೇಳಿದರು.

ನಾವು ಅವರಿಗೆ ರೂತಳ ಪುಸ್ತಕದ ಕೊನೆಯ ಅಧ್ಯಾಯವನ್ನು ತೆರೆದು ತೋರಿಸಿದೆವು. ಎಲೀಮೆಲೆಕನ ಹೊಲದ ಹಕ್ಕಿನ ಪ್ರಶ್ನೆ ಬಂದಾಗ ಬೋವಜನು ಊರ ಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿ, ಎಲ್ಲರ ಸಮಕ್ಷಮದಲ್ಲಿ ನ್ಯಾಯವಾಗಿ ಅದನ್ನು ಇತ್ಯರ್ಥಪಡಿಸಿದನು. ಆ ಊರ ಬಾಗಿಲೇ ಅಂದಿನ ನ್ಯಾಯಾಲಯ. ನೊವೊಮಿಯ ಹಕ್ಕನ್ನು ಕೇಳಿದ್ದು ಕಹಿಯಲ್ಲ, ನ್ಯಾಯ. ದೇವರು ವಿಧವೆಯ ಮತ್ತು ಪರದೇಶಿಯ ಪಕ್ಷವನ್ನು ವಹಿಸುವವರು. ಹಕ್ಕನ್ನು ಕೇಳುವಾಗ ಎದುರಾಳಿಯ ಕೇಡನ್ನು ಬಯಸಿದರೆ ಅದು ಕಹಿ. ಕೇಡನ್ನು ಬಯಸದೆ ತನಗೆ ಸಲ್ಲತಕ್ಕದ್ದನ್ನು ಕೇಳಿದರೆ ಅದು ಸತ್ಯಕ್ಕೆ ತೋರುವ ನಿಷ್ಠೆ. ಹೀಗೆಂದು ನಾವು ಹೇಳಿದಾಗ ಆ ಹಿರಿಯರು ಚೀಲವನ್ನು ಎತ್ತಿಕೊಂಡು, "ಹಾಗಾದರೆ ನಾಳೆಯ ತಾರೀಖಿಗೆ ಹೋಗುತ್ತೇನೆ" ಎಂದು ನಕ್ಕರು. ಅವರ ವ್ಯಾಜ್ಯ ತೀರುವ ಮೊದಲೇ ಅವರು ದೇವರ ಬಳಿಗೆ ಹೋದರು. ಆದರೆ ದೇಶವನ್ನಾಗಲಿ ದೇವರನ್ನಾಗಲಿ ಅವರು ಶಪಿಸಿದ್ದನ್ನು ನಾವು ಒಮ್ಮೆಯೂ ಕೇಳಲಿಲ್ಲ.

ತರುಣನಿಗೆ ಉತ್ತರ

ನಮ್ಮ ತರುಣನ ಪ್ರಶ್ನೆಗೆ ಈಗ ಉತ್ತರಿಸಬಹುದು. ಮಗನೇ, ಮರೆಯಬೇಡ. ಬಲಿಪೂಜೆಯೆಂಬುದೇ ಒಂದು ಸ್ಮರಣೆ. ಅನ್ಯಾಯವಾಗಿ ಕೊಲ್ಲಲ್ಪಟ್ಟ ಒಬ್ಬರ ಸ್ಮರಣೆ. ಎರಡು ಸಾವಿರ ವರ್ಷಗಳಿಂದ ನಾವು ಅದನ್ನು ಮರೆತಿಲ್ಲ. ಆದರೆ ಶಿಲುಬೆಯ ಮೇಲಿಂದ ಕೊಂದವರಿಗಾಗಿ ಪ್ರಾರ್ಥಿಸಿದವರನ್ನು ನೆನೆಯುತ್ತಾ ಸೇಡನ್ನು ಸಾಕುವುದು ಸಾಧ್ಯವಿಲ್ಲ. ನಿನ್ನ ಹಿರಿಯರು ನಿನಗೆ ಬಿಟ್ಟುಹೋದ ಆಸ್ತಿಯು ಅವರು ಅನುಭವಿಸಿದ ಅನ್ಯಾಯವೊಂದೇ ಅಲ್ಲ. ಅದನ್ನು ಅವರು ಹೇಗೆ ದಾಟಿದರೆಂಬುದೂ ಅದರಲ್ಲಿ ಸೇರಿದೆ. ಸಿಟ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಬಿಟ್ಟರೆ ನೀನು ಅವರ ಉತ್ತರಾಧಿಕಾರಿಯಾಗಲಾರೆ.

2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಕೋಡಿಬಾಗವನ್ನೂ ಸದಾಶಿವಗಡವನ್ನೂ ಜೋಡಿಸುತ್ತಿದ್ದ ಕಾಳಿಯ ಹಳೆಯ ಸೇತುವೆ ಕುಸಿದುದು ನಿಮಗೆಲ್ಲ ತಿಳಿದೇ ಇದೆ. ನದಿಗೆ ಬಿದ್ದ ಲಾರಿಯ ಚಾಲಕನು ದೂರದ ತಮಿಳುನಾಡಿನವನು. ಕತ್ತಲಲ್ಲಿ, ಮಳೆಗಾಲದ ತುಂಬುಹೊಳೆಯಲ್ಲಿ ಅವನನ್ನು ಮೇಲೆತ್ತಿದವರು ಅವನ ಊರು ಯಾವುದು, ಮತ ಯಾವುದು ಎಂದು ಕೇಳಲಿಲ್ಲ. ಕಲ್ಲು ಕಬ್ಬಿಣದ ಸೇತುವೆಗಳು ಬೀಳುತ್ತವೆ, ಮತ್ತೆ ಕಟ್ಟಬಹುದು. ನೆರೆಹೊರೆಯವರ ನಡುವಿನ ಸೇತುವೆಯನ್ನು ಕಾಯುವ ಕೆಲಸ ಮಾತ್ರ ನಮ್ಮ ನಿಮ್ಮೆಲ್ಲರದು.

ಎಲ್ಲವನ್ನೂ ಕಳೆದುಕೊಂಡು ಮಗನ ದೇಹವನ್ನು ಮಡಿಲಲ್ಲಿ ಹೊತ್ತ ವ್ಯಾಕುಲಮಾತೆಯು ಕಹಿಯಾಗಲಿಲ್ಲ. ಪ್ರೇಷಿತರೊಂದಿಗೆ ಪ್ರಾರ್ಥನೆಯಲ್ಲಿ ಕಾದು ಕುಳಿತಳು. ಆ ತಾಯಿಯು ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಮನೆಯನ್ನೂ ತನ್ನ ಸೆರಗಿನಡಿ ಕಾಪಾಡಲಿ. ಅಗಲಿದ ನಮ್ಮ ಹಿರಿಯರಿಗೆ ನಿತ್ಯಶಾಂತಿ ದೊರೆಯಲಿ. ಎರಡನೆಯ ಶತಮಾನಕ್ಕೆ ಕಾಲಿಡುವ ನಮಗೆಲ್ಲರಿಗೂ ದೇವರು ರೂತಳ ಮನಸ್ಸನ್ನು ಕರುಣಿಸಲಿ ಎಂದು ಹರಸುತ್ತೇವೆ.