ರಿಮೋಟ್‌ನಲ್ಲಿ ಆರಿಸಿದರೂ ಓಡುವ ಮೀಟರ್

ಟಿ.ವಿ.ಯನ್ನು ರಿಮೋಟ್‌ನಿಂದ ಆರಿಸಿದ ಮೇಲೂ ಅದರ ಮೂಲೆಯಲ್ಲಿ ಕೆಂಪು ಚುಕ್ಕಿಯೊಂದು ಉರಿಯುತ್ತಲೇ ಇರುತ್ತದೆ. ರಿಮೋಟ್‌ ಮತ್ತೆ ಒತ್ತುವುದನ್ನೇ ಕಾಯುತ್ತಿರುವ ಈ ಸ್ಥಿತಿಗೆ ‘ಸ್ಟ್ಯಾಂಡ್‌ಬೈ’ ಎಂದು ಹೆಸರು. ಹೀಗೆ ಕಾಯುವುದಕ್ಕೂ ಕರೆಂಟು ಬೇಕು. ಒಂದೇ ಒಂದು ವ್ಯಾಟ್ ವರ್ಷವಿಡೀ ಹರಿದರೆ 8.76 ಯೂನಿಟ್ ಆಗುತ್ತದೆ.

ಕಾಸರಗೋಡಿನ ನಮಗೆ ಇದು ಸಣ್ಣ ಲೆಕ್ಕವಲ್ಲ. ಕೇರಳದಲ್ಲಿ ಮನೆ ಬಳಕೆ ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳ ಬಿಲ್ಲಿನಲ್ಲಿ 500 ಯೂನಿಟ್ ದಾಟಿದರೆ ಹಂತ ಹಂತದ ದರ ಸಿಗುವುದಿಲ್ಲ. ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ಒಂದೇ ಹೆಚ್ಚಿನ ದರ ಬೀಳುತ್ತದೆ. 495ರಲ್ಲಿ ನಿಲ್ಲಬೇಕಾದ ಮನೆ 505ಕ್ಕೆ ಹೋದರೆ ಹತ್ತು ಯೂನಿಟ್‌ನ ದುಡ್ಡು ಮಾತ್ರ ಹೆಚ್ಚಾಗುವುದಲ್ಲ!

ಈ ಹತ್ತು ಯೂನಿಟ್ ಎಲ್ಲಿಂದ ಬಂತು? ಮೊದಲು ಸೆಟ್ ಟಾಪ್ ಬಾಕ್ಸ್ ನೋಡಿ. ಅದನ್ನು ರಿಮೋಟ್‌ನಲ್ಲಿ ಆರಿಸಿದರೆ ಚಿತ್ರ ಮಾತ್ರ ನಿಲ್ಲುತ್ತದೆ, ಒಳಗಿನ ಕೆಲಸ ಬಹುಪಾಲು ನಡೆದೇ ಇರುತ್ತದೆ. ಹಳೆಯ ಪೆಟ್ಟಿಗೆಯೊಂದು ಹತ್ತು ವ್ಯಾಟ್ ಎಳೆಯುತ್ತದೆಂದು ಹಿಡಿಯೋಣ. ದಿನಕ್ಕೆ ಐದು ಗಂಟೆ ಟಿ.ವಿ. ನೋಡುವ ಮನೆಯಲ್ಲಿ ಉಳಿದ 19 ಗಂಟೆ ಅದು ಸುಮ್ಮನೆ ಉರಿಯುತ್ತದೆ. 60 ದಿನಕ್ಕೆ 11.4 ಯೂನಿಟ್. ಬೇಸಿಗೆ ಮುಗಿದ ಮೇಲೂ ಪ್ಲಗ್‌ನಲ್ಲೇ ಉಳಿಯುವ ಎ.ಸಿ. ಸ್ಟೆಬಿಲೈಸರ್, ಕಂಪ್ಯೂಟರಿನ ಸ್ಪೀಕರ್, ಪ್ರಿಂಟರ್, ಗಡಿಯಾರ ತೋರಿಸುವ ಮೈಕ್ರೋವೇವ್ ಇವೆಲ್ಲ ಇದೇ ಸಾಲಿನವು.

ಮೊಬೈಲ್ ಚಾರ್ಜರ್ ಕಿತ್ತಿಡಿ ಎಂಬ ಉಪದೇಶ ಎಲ್ಲೆಡೆ ಕೇಳಿಬರುತ್ತದೆ. ಫೋನ್ ಇಲ್ಲದ ಹೊಸ ಚಾರ್ಜರ್ ಅರ್ಧ ವ್ಯಾಟ್ ಕೂಡ ಎಳೆಯುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಂಡು ಸೆಟ್ ಟಾಪ್ ಬಾಕ್ಸ್ ಮರೆತರೆ ಏನು ಬಂತು?

ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಒಂದು ಉಪಕರಣಕ್ಕೆ ಒಂದೇ ವ್ಯಾಟ್ ಎಂಬ ಗುರಿ ಮುಂದಿಟ್ಟಿತು. ಯುರೋಪ್ ಒಕ್ಕೂಟ 2010ರಿಂದ ಇದನ್ನು ನಿಯಮ ಮಾಡಿ, 2013ರಲ್ಲಿ ಅರ್ಧ ವ್ಯಾಟ್‌ಗೆ ಇಳಿಸಿತು; ಗಡಿಯಾರದಂಥ ಮಾಹಿತಿ ತೋರಿಸುವ ಉಪಕರಣಕ್ಕೆ ಮಾತ್ರ ತುಸು ಹೆಚ್ಚಿನ ಮಿತಿ. ಆದ್ದರಿಂದ ಹೊಸ ಟಿ.ವಿ.ಗಳ ಕಾಟ ಕಡಿಮೆ, ಹಳೆಯವನ್ನು ಹುಡುಕಬೇಕು.

ಹುಡುಕಲು ನಿಮ್ಮ ಮೀಟರೇ ಸಾಕು. ರಾತ್ರಿ ದೀಪ, ಫ್ಯಾನು ಆರಿಸಿ, ಫ್ರಿಜ್ ಮತ್ತು ಇನ್ವರ್ಟರನ್ನು ಕಾಲು ಗಂಟೆ ಮಟ್ಟಿಗೆ ನಿಲ್ಲಿಸಿ. ಉಳಿದವು ಸ್ಟ್ಯಾಂಡ್‌ಬೈಯಲ್ಲಿರಲಿ. ಮೀಟರಿನ ಕೆಂಪು ದೀಪ ಎಷ್ಟು ಸಲ ಮಿನುಗಿತೆಂದು ಎಣಿಸಿ. ಯೂನಿಟ್‌ಗೆ 3200 ಮಿನುಗು ಎಂದು ಮೀಟರಿನ ಮೇಲೆ ಬರೆದಿದ್ದರೆ, 15 ನಿಮಿಷಕ್ಕೆ 8 ಸಲ ಮಿನುಗಿದರೆ ಹತ್ತು ವ್ಯಾಟ್ ಹರಿಯುತ್ತಿದೆ ಎಂದರ್ಥ. ಒಂದೊಂದೇ ಪ್ಲಗ್ ತೆಗೆದು ಮತ್ತೆ ಎಣಿಸಿದರೆ ಕಳ್ಳ ಯಾರೆಂದು ತಿಳಿಯುತ್ತದೆ. ಫ್ರಿಜ್ ಮರಳಿ ಹಾಕಲು ಮರೆಯಬೇಡಿ.

ಅಮೆರಿಕದ ಮನೆಗಳಲ್ಲಿ ಗೋಡೆಯ ಸಾಕೆಟ್‌ಗೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ. ನಮ್ಮಲ್ಲಿದೆ, ಬಳಸುವುದಿಲ್ಲ ಅಷ್ಟೆ. ಟಿ.ವಿ., ಸೆಟ್ ಟಾಪ್ ಬಾಕ್ಸ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಮಲಗುವಾಗ ಅದರ ಸ್ವಿಚ್ ಒತ್ತಿದರಾಯಿತು. ಬೆಳಿಗ್ಗೆ ಪೆಟ್ಟಿಗೆ ತೆರೆದುಕೊಳ್ಳಲು ಒಂದೆರಡು ನಿಮಿಷ ತಡವಾಗಬಹುದು. ಇಂಕ್‌ಜೆಟ್ ಪ್ರಿಂಟರನ್ನು ಮೊದಲು ಅದರದೇ ಗುಂಡಿಯಿಂದ ಆರಿಸಿ, ಆಮೇಲೆ ಗೋಡೆಯ ಸ್ವಿಚ್. ತುಲಾಮಳೆಯ ಗುಡುಗು ಕೇಳಿದೊಡನೆ ನಮ್ಮಲ್ಲಿ ಟಿ.ವಿ.ಯ ಪ್ಲಗ್ ಕೀಳುವವರು ಕಡಿಮೆಯೇನಿಲ್ಲ. ಗುಡುಗಿಲ್ಲದ ರಾತ್ರಿಯೂ ಸ್ವಿಚ್ಚಿನವರೆಗೆ ಕೈ ಹೋದರೆ ಸಾಕು.