ಹಳೆಯ ಮೋಟಾರಿನ ಇಂಜಿನು

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳವು ಸುಮಾರು ನಡುವಿನ ಊರು. ಈ ದಾರಿಗೆ ರೈಲು ಬಂದದ್ದು 1891ರಲ್ಲಿ. ನಂಜುಂಡೇಶ್ವರನ ದರ್ಶನಕ್ಕೆ ಹೋಗುವವರಿಗೆ ಅದು ಗಾಡಿಯ ಕಿಟಕಿಯಲ್ಲಿ ಒಂದು ಕ್ಷಣ ಕಂಡು ಮರೆಯಾಗುವ ಹೆಸರು. ಅಲ್ಲಿ ನಮ್ಮದೊಂದು ಮನೆಯಿದೆ. ಮನೆಯ ಪಕ್ಕದಲ್ಲಿ ತಗಡು ಹೊದಿಸಿದ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಈಗ ಹಸುವಿಲ್ಲ. ನಮ್ಮ ತಂದೆಯವರು 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಅದರ ಇಂಜಿನನ್ನು ನಾವು ಮನೆಯಲ್ಲಿಯೇ ಬಿಚ್ಚಿ ಮರಳಿ ಕಟ್ಟಿದ ಸಂಗತಿ ಈ ಹೊತ್ತಿನ ವಿಷಯ. ನಾವು ಯಂತ್ರವಿದ್ಯೆಯನ್ನು ಕಲಿತವರಲ್ಲ, ಕಾಲೇಜಿನಲ್ಲಿ ಇತಿಹಾಸವನ್ನು ಪಾಠ ಹೇಳುವವರು. ಆದಕಾರಣ ಸ್ಪ್ಯಾನರಿನ ನಡುವೆ ಚರಿತ್ರೆ ನುಸುಳಿದರೆ ಕೇಳುಗರು ಕ್ಷಮಿಸಬೇಕು.

ರೋಗದ ಲಕ್ಷಣ ಸ್ಪಷ್ಟವಾಗಿಯೇ ಇತ್ತು. ಗಾಡಿ ಹೊರಟಾಗಲೆಲ್ಲ ಹಿಂದೆ ನೀಲಿಯ ಹೊಗೆ. ಹೊಗೆ ಕರಿದಾದರೆ ಪೆಟ್ರೋಲು ಹೆಚ್ಚಾಗಿದೆಯೆಂದೂ, ಬೆಳ್ಳಗೆ ಬಿಡದೆ ಬಂದರೆ ಸಿಲಿಂಡರಿಗೆ ನೀರು ಇಳಿಯುತ್ತಿದೆಯೆಂದೂ, ನೀಲಿಯಾದರೆ ಎಣ್ಣೆಯೇ ಉರಿಯುತ್ತಿದೆಯೆಂದೂ ತಿಳಿದವರು ಹೇಳುತ್ತಾರೆ. ಚಾಮುಂಡಿಬೆಟ್ಟದ ಅರ್ಧ ಏರಿನಲ್ಲಿ ಅದು ಮೊದಲನೆಯ ಗೇರಿಗೆ ಇಳಿದು ಏದುಸಿರು ಬಿಡತೊಡಗಿದಾಗ ನಮಗೆ ಸಂದೇಹವುಳಿಯಲಿಲ್ಲ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಒಂದು ಬೆಲೆ ಹೇಳಿದ. ಇನ್ನೊಬ್ಬರು ಹಳೆಯದನ್ನು ತೆಗೆದೆಸೆದು ಡೀಸೆಲ್ ಇಂಜಿನನ್ನು ಕೂರಿಸಿಕೊಳ್ಳಿರೆಂದು ಹಿತವಚನ ಹೇಳಿದರು. ಎಂಬತ್ತನಾಲ್ಕು ವಯಸ್ಸಿನ ತಂದೆಯವರು ಎರಡನ್ನೂ ಕೇಳಿಸಿಕೊಂಡು ಏನೂ ಹೇಳಲಿಲ್ಲ; ಎದ್ದು ಒಳಗೆ ಹೋದರು. ಆ ಮೌನ ನಮಗೆ ಅರ್ಥವಾಯಿತು. ಕೈಯಲ್ಲಿ ಇದಕ್ಕೆಂದು ತೆಗೆದಿಡಬಹುದಾಗಿದ್ದುದು ರೂ. 40,000. ಅಷ್ಟರಲ್ಲಿ ಆಗುವುದಾದರೆ ಆಗಲಿ ಎಂದು ಹೊರಟೆವು.

ಇಂಥ ಗಾಡಿಯೊಂದು ನಮ್ಮ ಮನೆಗೆ ಬಂದ ಕಥೆಯ ಮೂಲ ಮೈಸೂರಿನಲ್ಲಿಯೇ ಇದೆಯೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. 1918ರಲ್ಲಿ ದಿವಾನಗಿರಿಯನ್ನು ಬಿಟ್ಟ ವಿಶ್ವೇಶ್ವರಯ್ಯನವರು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಯೂರೋಪು ಅಮೆರಿಕಾಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದರು. ಹೊರಗಿನ ಭಾಗಗಳನ್ನು ತಂದು ಇಲ್ಲಿ ಜೋಡಿಸುವುದಲ್ಲ, ಕಾರನ್ನು ಇಲ್ಲಿಯೇ ತಯಾರಿಸಬೇಕೆಂಬುದು ಅವರ ಯೋಜನೆ. ವಾಲಚಂದ ಹೀರಾಚಂದರು ಅದಕ್ಕೆ ಕೈ ಹಾಕಿದರು. ಮೈಸೂರು ಸರ್ಕಾರವೂ ಬಂಡವಾಳದೊಡನೆ ಮುಂದಾಗಿತ್ತು. ಬ್ರಿಟಿಷರ ಸಮ್ಮತಿ ದೊರೆಯಲಿಲ್ಲ. ಅದೇ ವಾಲಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದೊಡನೆ ವಿಮಾನದ ಕಾರ್ಖಾನೆಯನ್ನು ತೆರೆದದ್ದು ಚರಿತ್ರೆಯ ಒಂದು ವಿನೋದ. ಯುದ್ಧಕಾಲದಲ್ಲಿ ವಿಮಾನ ಬೇಕಾಯಿತು, ಕಾರು ಬೇಡವಾಯಿತು! ಮೋಟಾರಿನ ಕನಸು 1944ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಿಂದ ನೆಲೆಗೊಂಡಿತು. ಮೊದಲು ಅಮೆರಿಕಾದ ಕ್ರೈಸ್ಲರ್ ಕಂಪನಿಯ ಗಾಡಿಗಳು, ಅನಂತರ 1950ರ ದಶಕದಲ್ಲಿ ಇಟಲಿಯ ಫಿಯಟ್. ಆ ಫಿಯಟ್ಟೇ ಮುಂದೆ ಪದ್ಮಿನಿಯಾಯಿತು. ಮೈಸೂರಿಗೆ ದಕ್ಕಿದ್ದು ಮೋಟಾರ್ ಸೈಕಲ್ಲು: ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆಯನ್ನು ಆರಂಭಿಸಿ, ಜಾವಾ, ಯೆಜ್ದಿಗಳನ್ನು ಊರೂರಿಗೆ ಕಳುಹಿಸಿ, 1996ರಲ್ಲಿ ಮುಚ್ಚಿತು.

1953ರಲ್ಲಿ ಸರ್ಕಾರವು ಸುಂಕ ಆಯೋಗದ ಸಲಹೆಯಂತೆ, ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿದ್ದ ಕಂಪನಿಗಳಿಗೆ ಮಾತ್ರ ಅವಕಾಶವೆಂದು ತೀರ್ಮಾನಿಸಿತು. ಜನರಲ್ ಮೋಟಾರ್ಸ್, ಫೋರ್ಡ್ ಮೊದಲಾದ ಜೋಡಣೆಗಾರರು ಬಾಗಿಲು ಹಾಕಿದರು. ಉಳಿದ ಕೆಲವೇ ಕಾರ್ಖಾನೆಗಳು ಬೇಡಿಕೆಯನ್ನು ಪೂರೈಸಲಾರದೆ ಹೋದುವು. ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಾಯಿತು. ನಮ್ಮ ತಂದೆಯವರೂ ಕಾದವರೇ. ಹೊಸದು ಸಿಗದ ದೇಶದಲ್ಲಿ ಹಳೆಯದು ಸಾಯಲು ಬಿಡುವಂತಿಲ್ಲ. ಮೈಸೂರಿನ ಮೋಟಾರು ಮೇಸ್ತ್ರಿಗಳ ಕೈಚಳಕವನ್ನು ಕೊಂಡಾಡುವವರು ಅದರ ಹಿಂದಿನ ಈ ಅಭಾವವನ್ನು ಮರೆಯುವುದುಂಟು. ನಮ್ಮ ಮಟ್ಟಿಗೆ, ಆ ಚಳಕಕ್ಕೆ ಪ್ರತಿಭೆಯಷ್ಟೇ ಈ ಕಾಯುವಿಕೆಯೂ ಕಾರಣ.

ಅಭಾವದ ಪಾಠ ಅದಕ್ಕೂ ಹಿಂದಿನದು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳು ಇದ್ದಿಲಿನ ಮೇಲೆ ಓಡಿದುವು. ಬಸ್ಸಿನ ಹಿಂದೆ ಉರುಳೆಯಾಕಾರದ ಒಲೆ. ಅದರಲ್ಲಿ ಇದ್ದಿಲನ್ನು ಕಡಮೆ ಗಾಳಿಯಲ್ಲಿ ಉರಿಸಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಸೋಸಿ ಇಂಜಿನಿಗೆ ಬಿಡುವುದು. ಪೆಟ್ರೋಲಿನಲ್ಲಿ ಸಿಗುವ ಶಕ್ತಿಯ ಮೂರನೆಯ ಒಂದು ಭಾಗವೋ ಅದಕ್ಕೂ ಹೆಚ್ಚೋ ಇಲ್ಲಿ ನಷ್ಟ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಸರಿಯಾಗಿ ಸೋಸದ ಬೂದಿ ಸಿಲಿಂಡರಿಗೆ ಹೋದರೆ ಅದು ಅರದಂತೆ ಕಬ್ಬಿಣವನ್ನು ತಿನ್ನುತ್ತದೆ. ಆ ದಿನಗಳಲ್ಲಿ ಮಧುರೆಯ ಟಿ.ವಿ.ಎಸ್. ಸಂಸ್ಥೆ ಇಂಥ ಅನಿಲದ ಒಲೆಗಳನ್ನು ತಯಾರಿಸಿತು. ಅದೇ ಮನೆತನದ ದ್ವಿಚಕ್ರ ವಾಹನದ ಕಾರ್ಖಾನೆ ಇಂದು ಕಡಕೊಳದ ಅಂಚೆಗೆ ಸೇರಿದ ಬ್ಯಾತಹಳ್ಳಿಯಲ್ಲಿದೆ. ಹೊಸ ಗಾಡಿಗಳನ್ನು ಹೊತ್ತ ಲಾರಿಗಳು ಹೆದ್ದಾರಿಯಲ್ಲಿ ಸಾಗುವಾಗ ನಾವು ಕೊಟ್ಟಿಗೆಯಲ್ಲಿ ಮಸಿ ತಿಕ್ಕುತ್ತ ಕುಳಿತಿರುತ್ತಿದ್ದೆವು.

ಮೋಟಾರಿನ ಮನೆಗೆಲಸಕ್ಕೆ ಮೊದಲ ಗುರು ಹೆಂಗಸೊಬ್ಬಳೆಂಬುದು ನಮ್ಮ ಮನೆಯವರಿಗೆ ಬಹಳ ಹಿಡಿಸಿದ ಸಂಗತಿ. ಕಾರ್ಲ್ ಬೆಂಜನು ತನ್ನ ಮೂರು ಗಾಲಿಯ ಗಾಡಿಗೆ 1886ರ ಜನವರಿಯಲ್ಲಿ ಪೇಟೆಂಟು ಪಡೆದ. ಕೊಳ್ಳುವವರು ವಿರಳ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮಿನಿಂದ ನೂರು ಕಿಲೋಮೀಟರಿಗೂ ಮೇಲಿನ ದೂರದ ತವರೂರಾದ ಪ್ಫೋರ್ಟ್ಸ್‌ಹೈಮಿಗೆ ಗಾಡಿ ಹೊಡೆದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಸೂಜಿಯಿಂದ ತೆರವು ಮಾಡಿದಳು. ವಿದ್ಯುತ್ತಿನ ತಂತಿಗೆ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಇಂಧನವನ್ನು ಔಷಧದ ಅಂಗಡಿಯಲ್ಲಿ ಕೊಂಡಳು. ಸವೆದ ಬ್ರೇಕಿಗೆ ಚಮ್ಮಾರನಿಂದ ಚರ್ಮ ಹೊಡೆಸಿದಳು. ಅವಳಿಗೆ ಯಾವ ಗ್ಯಾರೇಜೂ ಇರಲಿಲ್ಲ.

ಇನ್ನು ಕೆಲಸ. ಈ ಇಂಜಿನು ನಾಲ್ಕು ಸಿಲಿಂಡರಿನದು. ಒಂದೊಂದರ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ಓಟ 75. ಒಟ್ಟು 1089 ಘನ ಸೆಂಟಿಮೀಟರು. ಒಡಲು ಬೀಡುಕಬ್ಬಿಣ, ತಲೆ ಅಲ್ಯೂಮಿನಿಯಂ. ಬಾಡಿಗೆಗೆ ತಂದ ಚೈನ್ ಪುಲ್ಲಿಯನ್ನು ಕೊಟ್ಟಿಗೆಯ ಕಬ್ಬಿಣದ ತೊಲೆಗೆ ಕಟ್ಟಿ, ಪಕ್ಕದ ಮನೆಯ ಹುಡುಗರಿಬ್ಬರ ಸಹಾಯದಿಂದ ಇಂಜಿನನ್ನು ಮೇಲೆತ್ತಿ ಹಲಗೆಯ ಮೇಲಿಳಿಸಿದೆವು. ಬಿಚ್ಚಿದ ನಟ್ಟು ಬೋಲ್ಟುಗಳಿಗೆ ಹಾಲಿನಪುಡಿಯ ಡಬ್ಬಿಗಳು, ಡಬ್ಬಿಗೊಂದು ಚೀಟಿ. ತೊಳೆಯಲು ಸೀಮೆಎಣ್ಣೆ ಈಗ ಸುಲಭವಾಗಿ ಸಿಗುವುದಿಲ್ಲವಾಗಿ ಡೀಸೆಲನ್ನೇ ಬಳಸಿದೆವು. ಅರ್ಧ ಶತಮಾನದ ಮಸಿ ಮೂರು ಭಾನುವಾರಗಳನ್ನು ನುಂಗಿತು.

ತಲೆಯನ್ನು ತೆಗೆದು ಸಿಲಿಂಡರಿನೊಳಗೆ ಬೆರಳಾಡಿಸಿದರೆ, ಮೇಲ್ತುದಿಯ ಸ್ವಲ್ಪ ಕೆಳಗೆ ಉಗುರಿಗೆ ತಗುಲುವ ಒಂದು ಅಂಚು. ಪಿಸ್ಟನ್ನಿನ ರಿಂಗು ಮೇಲೇರಿ ನಿಂತು ಹಿಂದಿರುಗುವ ಎಡೆ ಅದು. ಬೆಂಕಿಯ ಒತ್ತಡವೂ ಬಿಸಿಯೂ ಅಲ್ಲಿ ಹೆಚ್ಚು, ಎಣ್ಣೆ ಕಡಮೆ. ಆದ್ದರಿಂದ ಸವೆತವೆಲ್ಲ ಅಲ್ಲಿಯೇ. ದುಂಡಗಿರಬೇಕಾದ ರಂಧ್ರ ಪಿಸ್ಟನ್ನು ಒರಗುವ ಎರಡು ಪಕ್ಕಗಳಲ್ಲಿ ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ಹೊರಳಿರುತ್ತದೆ. ಹೊಸ ರಿಂಗು ಹಾಕಿದರೆ ಸಾಕೆಂದು ಆಸೆಪಟ್ಟಿದ್ದ ನಮಗೆ ಅಳತೆಯ ಮಾಪಕ ಬೇರೆಯೇ ತೀರ್ಪು ಕೊಟ್ಟಿತು. ಮೊಟ್ಟೆಯಾಕಾರದ ಗೋಡೆಗೆ ದುಂಡನೆಯ ರಿಂಗು ಅಂಟಿಕೊಳ್ಳುವುದು ಹೇಗೆ? ಬೋರ್ ಮಾಡಿಸಿ, ದಪ್ಪನಾದ ಪಿಸ್ಟನ್ನು ಹಾಕಲೇಬೇಕು. ಆ ಕೆಲಸವೂ ಕ್ರ್ಯಾಂಕಿನ ಉಜ್ಜಾಟವೂ ಕೊಟ್ಟಿಗೆಯಲ್ಲಿ ಆಗತಕ್ಕವಲ್ಲ. ಒಡಲನ್ನು ಗೂಡ್ಸ್ ಆಟೋದಲ್ಲಿಟ್ಟು ಮೈಸೂರಿನ ಲೇತಿನ ಅಂಗಡಿಗೆ ಕೊಂಡೊಯ್ದೆವು.

ಅಲ್ಲಿನ ಹಿರಿಯ ಮೇಸ್ತ್ರಿಗಳು ನಮ್ಮ ಖರ್ಚಿನ ಪಟ್ಟಿಯನ್ನು ಓದಿ, ಹಳೆಯ ಬೇರಿಂಗುಗಳನ್ನೇ ಮತ್ತೆ ಹಾಕುವ ನಮ್ಮ ಉಪಾಯದ ಮೇಲೆ ಬೆರಳಿಟ್ಟರು.

“ಮೇಷ್ಟ್ರೇ, ಬೇರಿಂಗಿನಲ್ಲಿ ಉಳಿಸಿದ ದುಡ್ಡು ಕ್ರ್ಯಾಂಕಿನಲ್ಲಿ ಹೋಗುತ್ತೆ. ಉಳಿಸಬೇಕಾದರೆ ಕೂಲಿಯಲ್ಲಿ ಉಳಿಸಿ. ಕೈ ನಿಮ್ಮದೇ ಅಲ್ವೆ?”

ಮಿತವ್ಯಯದ ವಿಷಯದಲ್ಲಿ ಇಷ್ಟು ಅಡಕವಾದ ಪಾಠವನ್ನು ನಾವು ಅರ್ಥಶಾಸ್ತ್ರದ ಸಹೋದ್ಯೋಗಿಗಳಿಂದಲೂ ಕೇಳಿರಲಿಲ್ಲ. ಹಾಗೆಯೇ ನಡೆದೆವು. ಬೇರಿಂಗು, ರಿಂಗು, ಗ್ಯಾಸ್ಕೆಟ್ಟುಗಳೆಲ್ಲ ಹೊಸವು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರ ವರೆಗೆ ಎಥನಾಲ್ ಇರುವುದರಿಂದ, ಅದನ್ನು ತಾಳದ ಹಳೆಯ ರಬ್ಬರಿನ ಕೊಳವೆಗಳೂ ಹೋದುವು. ಎಂಟು ವಾಲ್ವುಗಳನ್ನು ಮಾತ್ರ ಉಳಿಸಿಕೊಂಡು ಮನೆಯಲ್ಲಿಯೇ ಉಜ್ಜಿದೆವು. ವಾಲ್ವಿನ ಅಂಚಿಗೆ ಮಸೆಯುವ ಪೇಸ್ಟು ಬಳಿದು, ರಬ್ಬರಿನ ಬಟ್ಟಲಿರುವ ಕೋಲನ್ನು ಅದಕ್ಕಂಟಿಸಿ, ಮಜ್ಜಿಗೆ ಕಡೆಯುವಂತೆ ಎರಡು ಅಂಗೈಗಳ ನಡುವೆ ತಿರುಗಿಸುವುದು. ಅಂಚಿನ ಸುತ್ತ ಎಲ್ಲಿಯೂ ತುಂಡಾಗದ ಬೂದು ಬಣ್ಣದ ಉಂಗುರ ಮೂಡಿದರೆ ಸರಿ. ಬಳಿಕ ಅದರ ದಾರಿಗೆ ಪೆಟ್ರೋಲು ಸುರಿದು, ಹನಿ ಜಿನುಗುವುದೇ ಎಂದು ನೋಡುವುದು. ಆರನೆಯದು ಎರಡು ಸಲ ಜಿನುಗಿ, ಮೂರನೆಯ ಸಲ ನಿಂತಿತು.

ನಮ್ಮ ದೊಡ್ಡ ತಪ್ಪು ಕನೆಕ್ಟಿಂಗ್ ರಾಡಿನಲ್ಲಿ ಆಯಿತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಈ ರಾಡಿನ ಕೆಳತುದಿ ಎರಡು ಹೋಳಾಗಿರುತ್ತದೆ. ಹೋಳುಗಳನ್ನು ಜೋಡಿಸಿಟ್ಟೇ ಕಾರ್ಖಾನೆಯಲ್ಲಿ ರಂಧ್ರ ಕೊರೆದಿರುತ್ತಾರಾಗಿ, ಒಂದರ ಮುಚ್ಚಳ ಇನ್ನೊಂದಕ್ಕೆ ಸಲ್ಲದು. ನಾವು ನಾಲ್ಕು ಮುಚ್ಚಳಗಳನ್ನೂ ಒಂದೇ ಡಬ್ಬಿಯಲ್ಲಿ ಹಾಕಿಬಿಟ್ಟಿದ್ದೆವು! ಎಲ್ಲವನ್ನೂ ಕೂರಿಸಿ ಬಿಗಿದಾಗ ಕ್ರ್ಯಾಂಕು ಕದಲಲಿಲ್ಲ. ಹೊಸ ಬೇರಿಂಗು ಕೆಟ್ಟಿತೋ, ಉಜ್ಜಿಸಿದ ಕ್ರ್ಯಾಂಕು ಕೆಟ್ಟಿತೋ ಎಂಬ ಚಿಂತೆಯಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ. ಹಣವಾದರೋ ಅಷ್ಟರಲ್ಲಿ ಮುಗಿದಿತ್ತು. ಮರುದಿನ ಮೇಸ್ತ್ರಿಗಳು ಬಂದು, ಮಾತಿಲ್ಲದೆ ಎಲ್ಲವನ್ನೂ ಬಿಚ್ಚಿಸಿ, ರಾಡಿನ ಪಕ್ಕದ ಮಸಿಯನ್ನು ಬ್ರಷ್ಷಿನಿಂದ ತಿಕ್ಕಿ, ಭೂತಗಾಜನ್ನು ನಮ್ಮ ಕೈಗೆ ಕೊಟ್ಟರು. ಮಸಿಯಡಿಯಲ್ಲಿ ಅಂಕಿಗಳು: ರಾಡಿನ ಮೇಲೊಂದು, ಅದರ ಮುಚ್ಚಳದ ಮೇಲೂ ಅದೇ. ಕಾರ್ಖಾನೆಯವರು ಬರೆದಿಟ್ಟಿದ್ದರು. ಶಾಸನಗಳನ್ನು ಓದುವುದು ಹೇಗೆಂದು ಇಪ್ಪತ್ತು ವರ್ಷದಿಂದ ಹುಡುಗರಿಗೆ ಹೇಳುತ್ತ ಬಂದ ನಾವು ಕಣ್ಣೆದುರಿನ ಬರಹವನ್ನು ತೊಳೆದು ನೋಡಿರಲಿಲ್ಲ. ಅದೃಷ್ಟಕ್ಕೆ ಕ್ರ್ಯಾಂಕಿಗೆ ಗೀರು ಬಿದ್ದಿರಲಿಲ್ಲ. ಒಂದು ಜೊತೆ ಬೇರಿಂಗನ್ನು ಮಾತ್ರ ಬದಲಿಸಬೇಕಾಯಿತು. ಒಟ್ಟು ಖರ್ಚು ರೂ. 46,300ಕ್ಕೆ ಏರಿತು.

ಡೀಸೆಲ್ ಇಂಜಿನಿನ ಸಲಹೆಯನ್ನು ಒಪ್ಪದಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಗಾಡಿ ಮೂಲರೂಪದಲ್ಲಿರಬೇಕು, ಇಂಜಿನು ಮಾರ್ಪಟ್ಟಿರಬಾರದು ಎಂಬುದು ಅದರ ಮುಖ್ಯ ನಿಬಂಧನೆ. ನಮ್ಮದಕ್ಕೆ 2028ರಲ್ಲಿ ಐವತ್ತು ತುಂಬುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಓಡಿಸಲೆಂದು ಕಟ್ಟಿದ್ದನ್ನು ಆ ಬಿರುದಿಗಾಗಿ ನಿಲ್ಲಿಸುವುದೋ ಬಿಡುವುದೋ ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ. ತಂದೆಯವರ ಅಭಿಪ್ರಾಯವನ್ನು ಕೇಳುವ ಧೈರ್ಯ ನಮಗೆ ಬಂದಿಲ್ಲ.

ತಲೆಯ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಅಳತೆಯ ಸ್ಪ್ಯಾನರಿನಿಂದ ಬಿಗಿದೆವು. ಪ್ಲಗ್ಗಿನ ತಂತಿಗಳನ್ನು ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಕೊಟ್ಟೆವು. ಪ್ಲಗ್ಗುಗಳಿಲ್ಲದೆ ಮೊದಲು ಸ್ವಲ್ಪ ಹೊತ್ತು ತಿರುಗಿಸಿ, ಎಣ್ಣೆ ಮೇಲೇರಿದ ಗುರುತು ಕಂಡಮೇಲೆ ಪ್ಲಗ್ಗು ಹಾಕಿ ಕೀಲಿ ತಿರುಗಿಸಿದೆವು. ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹಿಡಿಯಿತು. ಹೊಗೆ ಮೊದಲು ಬಂತು, ಕಟ್ಟುವಾಗ ಬಳಿದಿದ್ದ ಎಣ್ಣೆಯದು, ಆಮೇಲೆ ತಿಳಿಯಾಯಿತು. ತಂದೆಯವರು ಜಗಲಿಯ ಕುರ್ಚಿಯಲ್ಲಿ ಕಿವಿಗೊಟ್ಟು ಕುಳಿತಿದ್ದರು. ಅವರಿಗೆ ಕಣ್ಣು ಮಂಜು, ಕಿವಿ ಚುರುಕು. ಬಹಳ ಹೊತ್ತು ಕೇಳಿ, “ಎರಡನೆಯದರ ಟ್ಯಾಪೆಟ್ಟು ಸ್ವಲ್ಪ ಸಡಿಲ ಕಣಪ್ಪ” ಎಂದರು. ಮಾಪಕವಿಟ್ಟು ನೋಡಿದೆವು. ನಿಜವಾಗಿತ್ತು.

ಅದನ್ನು ಸರಿಪಡಿಸಿದ ಮುಂದಿನ ಸೋಮವಾರ ಅವರನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋದೆವು. ಗಂಟೆಗೆ ನಲವತ್ತು ಕಿಲೋಮೀಟರು ಮೀರದಂತೆ, ಲಾರಿಗಳಿಗೆಲ್ಲ ದಾರಿ ಬಿಟ್ಟುಕೊಡುತ್ತ. 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಪಿಲೆಯ ಹಳೆಯ ಸೇತುವೆಯ ಬಳಿ ಗಾಡಿ ನಿಲ್ಲಿಸಿ ಇಂಜಿನು ತಣಿಯಲು ಬಿಟ್ಟೆವು. ಹೊಸದಾಗಿ ಕಟ್ಟಿದ ಮೇಲೆ ಇದುವರೆಗೆ ಗಾಡಿ 412 ಕಿಲೋಮೀಟರು ಓಡಿದೆ. 500 ಆದಾಗ ಎಣ್ಣೆ ಬದಲಿಸಿ, ತಲೆಯ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂದು ಮೇಸ್ತ್ರಿಗಳ ಅಪ್ಪಣೆಯಾಗಿದೆ.