ನಷ್ಟದ ಚಿತ್ರವು ಹಬ್ಬದ ಚಿತ್ರವಾದ ಬಗೆ

ಕ್ರಿಸ್ತಜಯಂತಿಯ ರಜೆಯಲ್ಲಿ ಅಮೆರಿಕದ ಮನೆಮಂದಿಯೆಲ್ಲ ದೂರದರ್ಶನದ ಮುಂದೆ ಕುಳಿತು ನೋಡುವ ಚಲಚ್ಚಿತ್ರಗಳಲ್ಲಿ ಫ್ರಾಂಕ್ ಕಾಪ್ರಾ ಎಂಬವನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಸುಪ್ರಸಿದ್ಧವಾದುದು. ಅದರ ಚರಿತ್ರೆಯು ವಾಚಕರಿಗೆ ವಿನೋದಕರವೂ ಬೋಧಪ್ರದವೂ ಆಗಿದೆ.

ಫಿಲಿಪ್ ವ್ಯಾನ್ ಡೊರೆನ್ ಸ್ಟರ್ನ್ ಎಂಬ ಲೇಖಕನ ಸಣ್ಣ ಕಥೆಯೊಂದು ಅದಕ್ಕೆ ಮೂಲ. ಪ್ರಕಾಶಕರಾರೂ ಅದನ್ನು ಅಂಗೀಕರಿಸದಿರಲು, ಆತನು 1943ರಲ್ಲಿ 200 ಪ್ರತಿಗಳನ್ನು ತಾನೇ ಅಚ್ಚುಹಾಕಿಸಿ, ಹಬ್ಬದ ಶುಭಾಶಯಪತ್ರವಾಗಿ ಮಿತ್ರರಿಗೆ ಕಳುಹಿದನು. 1946ರ ಡಿಸೆಂಬರಿನಲ್ಲಿ ತೆರೆಗೆ ಬಂದ ಚಿತ್ರವಾದರೋ ಹಾಕಿದ ಹಣವನ್ನು ಹಿಂದಿರುಗಿಸಲಿಲ್ಲ.

ಅಲ್ಲಿ ಆಗ ಕೃತಿಸ್ವಾಮ್ಯದ ಮೊದಲ ಅವಧಿಯು 28 ವರ್ಷ. 1974ರಲ್ಲಿ ಅದನ್ನು ನವೀಕರಿಸತಕ್ಕವರು ನವೀಕರಿಸಲಿಲ್ಲ. ಆದಕಾರಣ ದೂರದರ್ಶನ ಕೇಂದ್ರಗಳು ಅಲ್ಪವೆಚ್ಚದಲ್ಲಿ ಪ್ರತಿ ಡಿಸೆಂಬರಿನಲ್ಲಿಯೂ ಅದನ್ನು ಪದೇ ಪದೇ ಪ್ರಸಾರಮಾಡಿದುವು. ಮಕ್ಕಳು ಅದನ್ನು ನೋಡುತ್ತಲೇ ಬೆಳೆದರು. ಚಿತ್ರವು ಹಬ್ಬದ ಅಂಗವಾಯಿತು. 1993ರಲ್ಲಿ ರಿಪಬ್ಲಿಕ್ ಪಿಕ್ಚರ್ಸ್ ಸಂಸ್ಥೆಯವರು ಮೂಲಕಥೆಯ ಹಕ್ಕಿನ ಬಲದಿಂದ ಸ್ವಾಮ್ಯವನ್ನು ಮರಳಿ ಸ್ಥಾಪಿಸಿದರು.

ಕಥಾನಾಯಕನು ತನ್ನ ಬಾಳು ವ್ಯರ್ಥವೆಂದು ಬಗೆದು ಪ್ರಾಣತ್ಯಾಗಕ್ಕೆ ಹೊರಟಾಗ, ತಾನು ಹುಟ್ಟದಿದ್ದರೆ ಊರು ಏನಾಗುತ್ತಿತ್ತೆಂಬುದನ್ನು ದೇವದೂತನೊಬ್ಬನು ಆತನಿಗೆ ತೋರಿಸುವನು. ಚಿತ್ರದ ಭಾಗ್ಯವೂ ಅಂತಹುದೇ. ಲೆಕ್ಕದ ಪುಸ್ತಕದಲ್ಲಿ ನಷ್ಟವೆನಿಸಿದುದು ಸಹೃದಯರ ಮನೆಗಳಲ್ಲಿ ಸಾರ್ಥಕವಾಯಿತು. ಕೃತಿಯ ಬೆಲೆಯನ್ನು ಮೊದಲ ವರ್ಷದ ಸಂತೆಯಲ್ಲಿಯೇ ಕಟ್ಟಬಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?